ಸದ್ದು ನಿಂತರೆ ಹೇಳಿಕಳಿಸಿ ಎಂದ ಮಿಸ್ತ್ರಿ

ಮಿಸ್ತ್ರಿ ಚಾಚಾರ ಮುಂದಿನ ಹಲ್ಲುಗಳಲ್ಲಿ ಒಂದು ದುಂಡನೆಯ ಕಚ್ಚು ಇತ್ತು. ಮೇಲೆ ಎರಡು, ಕೆಳಗೆ ಎರಡು, ನಾಲ್ಕೂ ಹಲ್ಲು ನಡುವೆ ಸವೆದು, ಬಾಯಿ ಬಿಗಿಯಾಗಿ ಮುಚ್ಚಿದರೂ ಅಲ್ಲೊಂದು ಬೆರಳು ತೂರುವಷ್ಟು ಕಿಂಡಿ ಉಳಿಯುತ್ತಿತ್ತು. ನಕ್ಕರೆ ಆ ಕಿಂಡಿಯೇ ಮೊದಲು ಕಾಣುವುದು. ಇಷ್ಟು ವರ್ಷಗಳ ಮೇಲೆ ಅವರ ಮುಖದ ಉಳಿದ ಭಾಗವೆಲ್ಲ ಮಂಜಿನೊಳಗೆ ಸರಿದುಹೋಗಿದೆ. ಗಡ್ಡ ಎಷ್ಟುದ್ದ ಇತ್ತು, ಹುಬ್ಬು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ಹಲ್ಲು ಮಾತ್ರ ನಿನ್ನೆ ನೋಡಿದಂತೆ ನೆನಪಿದೆ.

ಆ ಕಚ್ಚು ಹೇಗಾಯಿತೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ಗೊತ್ತಾಗುವ ಮೊದಲು ಹೌಹಾರಿದ್ದೆ, ಅದು ಬೇರೆ ಮಾತು. ಹುಮನಾಬಾದಿಗೆ ಬಂದು ಮೂರೋ ನಾಲ್ಕೋ ದಿನವಾಗಿತ್ತು. ಚಳಿಗಾಲದ ಮುಂಜಾನೆ, ಬೀದಿಯ ಆ ಬದಿಯ ಮನೆ ಕೂಡ ಕಾಣದಷ್ಟು ಮಂಜು. ದವಾಖಾನೆಯ ಮೋಟಾರು ಬೇವಿನ ಮರದ ಕೆಳಗೆ ಗುರುಗುಟ್ಟುತ್ತ ನಿಂತಿತ್ತು. ಅದರ ಬಾನೆಟ್ಟಿನೊಳಗೆ ತಲೆ ಹಾಕಿದ ಒಬ್ಬ ಮುದುಕ, ಬಾಯಲ್ಲಿ ಲಟ್ಟಣಿಗೆ ಕಚ್ಚಿಕೊಂಡು, ಕಣ್ಣು ಮುಚ್ಚಿ, ಮೈಯೆಲ್ಲ ಸಣ್ಣಗೆ ನಡುಗುತ್ತ ನಿಂತಿದ್ದರು. ಮೂರ್ಛೆರೋಗದವರ ಹಲ್ಲಿನ ನಡುವೆ ಕಟ್ಟಿಗೆ ಇಡುವುದನ್ನು ನಾನು ಆಸ್ಪತ್ರೆಯಲ್ಲಿ ಕಲಿತು ಬಂದವಳು. “ಅಯ್ಯೋ, ಯಾರರೆ ಬರ್ರಿ!” ಎಂದು ಕೂಗಿ, ಓಡಿಹೋಗಿ ಹಿಂದಿನಿಂದ ಅವರ ರಟ್ಟೆ ಹಿಡಿದೆ. ಮುದುಕರು ಲಟ್ಟಣಿಗೆ ಬಿಡಲಿಲ್ಲ. ಒಂದು ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಆಮೇಲೆ ನಿಧಾನವಾಗಿ ಅದನ್ನು ಬಾಯಿಂದ ತೆಗೆದು, ತುದಿಯನ್ನು ಅಂಗಿಗೆ ಒರೆಸಿ, ಆ ಕಿಂಡಿ ಹಲ್ಲಿನಿಂದ ನಕ್ಕರು.

“ಜರಾ ತಡೀರಿ ಬಾಯಿ. ಈಕಿ ಮಾತಾಡಾಕತ್ತಾಳ, ಕೇಳಾಕತ್ತೇನಿ.”

ಬಾಯಿ ಎಂದರೆ ನರ್ಸಬಾಯಿ, ನಾನು. ಈಕೆ ಎಂದರೆ ಮೋಟಾರು. ಚಿಕ್ಕವರಿದ್ದಾಗ ಕಲ್ಲಿನ ಖಣಿಯಲ್ಲಿ ಮದ್ದು ಸಿಡಿದು ಚಾಚಾರ ಎಡಗಿವಿ ಪೂರಾ ಹೋಗಿತ್ತು. ಬಲಗಿವಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಅದಕ್ಕೇ ಲಟ್ಟಣಿಗೆಯ ಒಂದು ತುದಿಯನ್ನು ಎಂಜಿನಿನ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಲುಬಿನಿಂದ ಕೇಳುತ್ತಿದ್ದರು. ಅದು ಅವರ ಹೆಂಡತಿಯ ಲಟ್ಟಣಿಗೆ. ಆಕೆ ತೀರಿಕೊಂಡ ಮೇಲೆ ಮನೆಯಲ್ಲಿ ಚಪಾತಿ ಲಟ್ಟಿಸುವವರಿಲ್ಲ, ಸುಮ್ಮನೆ ಯಾಕೆ ಕೂಡಬೇಕೆಂದು ಇಲ್ಲಿಗೆ ತಂದೆ ಎಂದು ಅವರೇ ಹೇಳಿದರು. ಹೆಂಡತಿಯ ಕೂಡ ಇನ್ನೂ ಮಾತು ನಡೆದಿದೆ ಎಂಬಂತೆ ಹೇಳುತ್ತಿದ್ದರು.

ನನ್ನ ವಿಷಯವೂ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಒಂದು ಹಳೆಯ ಮೋಟಾರಿಗಾಗಿ ಯಾಕಿಷ್ಟು ಬಡಿದಾಡುತ್ತಾಳೆ ಈ ಮುದುಕಿ ಎನ್ನಿಸೀತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಸೊಲ್ಲಾಪುರದಲ್ಲಿ ಹೆರಿಗೆ ಕೆಲಸ ಕಲಿತು, ಹುಮನಾಬಾದಿನ ದವಾಖಾನೆಗೆ ನರ್ಸಬಾಯಿಯಾಗಿ ಬಂದವಳು ನಾನು. ದವಾಖಾನೆಗೆ ಒಬ್ಬ ಜಾಗೀರದಾರರು ತಮ್ಮ ಹಳೆಯ ವಿಲಾಯತಿ ಮೋಟಾರನ್ನು ಕೊಟ್ಟಿದ್ದರು. ಅದಿದ್ದರೆ ನಾನು ಕಲ್ಯಾಣಿಗೆ ಹೋಗಬಹುದು, ಮೋರಖಂಡಿಗೆ ಹೋಗಬಹುದು, ನಡುವಿನ ಹಳ್ಳಿಗಳಲ್ಲಿ ಬಸುರಿಯರನ್ನು ನೋಡಬಹುದು. ಅದಿಲ್ಲದಿದ್ದರೆ ಅವರು ಅಲ್ಲಿ, ನಾನು ಇಲ್ಲಿ. ಈಗ ಎಲ್ಲರೂ ಬಸವಕಲ್ಯಾಣ ಎನ್ನುತ್ತಾರೆ, ಆಗ ನಮ್ಮ ಬಾಯಲ್ಲಿ ಅದು ಕಲ್ಯಾಣಿ.

ಎರಡನೆಯ ಮಹಾಯುದ್ಧ ಶುರುವಾಗಿ ನಮ್ಮ ಡ್ರೈವರು ಫೌಜಿಗೆ ಸೇರಿ ಹೋದ. ಡಾಕ್ಟರ್ ಸಾಹೇಬರಿಗೆ ವಯಸ್ಸಾಗಿತ್ತು, ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. “ಇನ್ನ ಮೋಟಾರು ಬಂದ್” ಎಂದುಬಿಟ್ಟರು. ಆ ಮಧ್ಯಾಹ್ನ ನಾನು ಚಾಚಾರ ಮೋಟಾರು ರಿಪೇರಿಯ ಶೆಡ್ಡಿನ ಮುಂದೆ ಕೂತು ಗೊಳೋ ಎಂದು ಅತ್ತೆ. ನಾಚಿಕೆ ಯಾಕೆ, ಅತ್ತದ್ದು ನಿಜ. ಚಾಚಾ ಬಸಿಯಲ್ಲಿ ಚಹಾ ಸುರಿದು ನನ್ನ ಮುಂದೆ ಇಟ್ಟರು.

“ಅಳೂದ್ಯಾಕ ಬಾಯಿ? ನಿಮಗ ಎರಡು ಕೈ ಅವ, ಎರಡು ಕಾಲು ಅವ. ಮೋಟಾರಿಗಿ ಅಷ್ಟೇ ಬೇಕಾಗೂದು.”

ಮಾಣಿಕನಗರದ ಕಡೆಯ ಬಯಲಿನಲ್ಲಿ ಅವರು ನನಗೆ ಮೋಟಾರು ಹೊಡೆಯಲು ಕಲಿಸಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದರೆ, ಪಕ್ಕದಲ್ಲಿ ಚಾಚಾ ಕಣ್ಣು ಮುಚ್ಚಿ ಕೂಡುವರು. “ಹೆದರಿ ಮುಚ್ಚಿಲ್ರಿ, ಕೇಳಾಕ ಮುಚ್ಚೇನಿ” ಎನ್ನುವರು. ನೋಡಲು ಜಾತ್ರೆಯಂತೆ ಜನ ಸೇರುತ್ತಿತ್ತು. ಅದರಲ್ಲೊಬ್ಬ ಜೋರಾಗಿ, “ಹೆಣಮಗಳು ಮೋಟಾರು ಹೊಡದ್ರ ಮಳಿ ಬರಂಗಿಲ್ಲ ನೋಡ್ರಿ” ಎಂದ. ಚಾಚಾ ಒಂದು ಕಣ್ಣು ತೆರೆದು, “ಹಾಂಗಾದ್ರ ನಿನ್ನ ಹೇಣ್ತಿಗಿ ಬ್ಯಾನಿ ಬಂದಾಗ ಮಳಿನ್ನೇ ಕರಿಯಪಾ” ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಹೆಂಡತಿ ತುಂಬಿದ ಬಸುರಿಯೆಂದು ಊರಿಗೆಲ್ಲ ಗೊತ್ತಿತ್ತು. ಆಕೆಯ ಹೆರಿಗೆಗೆ ಆಮೇಲೆ ನಾನೇ ಹೋದೆ, ಮೋಟಾರು ಹೊಡೆದುಕೊಂಡೇ ಹೋದೆ.

ಮೋಟಾರಿಗೆ ಒಂದು ರೋಗವಿತ್ತು. ತಣ್ಣಗಿರುವಾಗ ಹ್ಯಾಂಡಲ್ ತಿರುವಿ ಚಾಲು ಮಾಡಿದರೆ ಮುಂದಿನ ಮುಚ್ಚಳದೊಳಗಿಂದ ಚರಚರ ಚರಚರ ಎಂದು ಸದ್ದು ಬರುವುದು. ಚಾಚಾ ಅದಕ್ಕೆ “ಇವತ್ತ ಕಡ್ಲಿ ಹುರಿಯಾಕತ್ತಾಳ” ಎನ್ನುತ್ತಿದ್ದರು. ಒಂದು ದಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಸೈಕಲ್ಲಿನದರಂಥದೇ ಒಂದು ಸರಪಳಿ, ಎರಡು ಹಲ್ಲಿನ ಗಾಲಿಗಳಿಗೆ ತೊಡಿಸಿತ್ತು. ಕೆಳಗಿನ ಗಾಲಿ ತಿರುಗಿದಾಗ ಸರಪಳಿ ಮೇಲಿನದನ್ನು ತಿರುಗಿಸಬೇಕು, ಮೇಲಿನದು ಎಂಜಿನಿನ ಬಾಗಿಲುಗಳನ್ನು ತೆಗೆದು ಮುಚ್ಚಬೇಕು. ಉಸಿರು ತೆಗೆದುಕೊಳ್ಳುವುದು, ಬಿಡುವುದು, ಎಲ್ಲ ಈ ಸರಪಳಿಯ ತಾಳದಲ್ಲೇ.

“ಸಡ್ಲ ಆಗ್ಯದಲ್ರಿ ಚಾಚಾ. ಹಿಗ್ಗ್ಯದೇನು?” ಎಂದೆ.

“ಕಬ್ಬಿಣ ಎಲ್ಲಿ ಹಿಗ್ಗತದ್ರಿ ಬಾಯಿ. ಒಂದೊಂದು ಕೊಂಡಿ ಒಂದೊಂದು ಕೂದಲೆಳಿ ಸವದದ. ಅಷ್ಟೂ ಕೂಡಿದ್ರ ನೋಡ್ರಿ, ಒಂದು ಬೆರಳು.” ಸರಪಳಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಲಗೆಯ ಮೇಲೆ ಮಲಗಿಸಿ, ಒಮ್ಮೆ ಒತ್ತಿ, ಒಮ್ಮೆ ಎಳೆದು ತೋರಿಸಿದರು. ನಡುವೆ ಅವರ ಕಿರುಬೆರಳು ಹಿಡಿಯುವಷ್ಟು ಅಂತರ.

ಹೊಸ ಸರಪಳಿ ಎಲ್ಲಿಂದ ಬರಬೇಕು? ವಿಲಾಯತಿಯಿಂದ ಬರುವ ಹಡಗುಗಳಿಗೆ ಆಗ ಯುದ್ಧದ ಕೆಲಸವೇ ಹಾಸಿ ಹೊದೆಯುವಷ್ಟಿತ್ತು. ಎಂಜಿನ್ ಎಣ್ಣೆಗೂ ಬರ. ಹಳೆಯ ಎಣ್ಣೆಯನ್ನು ಚಾಚಾ ಮಲ್ಮಲ್ ಬಟ್ಟೆಯಲ್ಲಿ ಸೋಸಿ, ಎರಡು ದಿನ ತಿಳಿಯಾಗಲು ಬಿಟ್ಟು, ಮತ್ತೆ ಹಾಕುತ್ತಿದ್ದರು. ಸರಪಳಿಯ ಸವೆದ ಪಿನ್ನುಗಳಿಗೆ ಗಟ್ಟಿ ಉಕ್ಕಿನ ತಂತಿ ಬೇಕೆಂದು ಊರೆಲ್ಲ ತಿರುಗಿ ಬರಿಗೈಲಿ ಬಂದರು. ಅವತ್ತು ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತು ಕೂಸುಗಳಿಗೆ ಉಣ್ಣೆಯ ಟೋಪಿ ಹೆಣೆಯುತ್ತಿದ್ದೆ. ಚಾಚಾ ಎದುರಿಗೆ ಬಂದು ನಿಂತು, ನನ್ನ ಕೈಯನ್ನೇ ನೋಡುತ್ತ, “ಬಾಯಿ, ಆ ಸೂಜಿ ಎಲ್ಲಿವು?” ಎಂದರು. ಅರ್ಧ ಹೆಣೆದ ಟೋಪಿಯಿಂದ ಸೂಜಿ ಎಳೆದು ಕೊಟ್ಟೆ. ಪೆಟ್ಟಿಗೆಯಲ್ಲಿದ್ದ ಉಳಿದವನ್ನೂ ಕೊಟ್ಟೆ. ಅವನ್ನು ಕತ್ತರಿಸಿ, ಅರದಿಂದ ಉಜ್ಜಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಒಂದೊಂದೇ ಪಿನ್ನು ಮಾಡಿ ಕೂಡಿಸಲು ಅವರಿಗೆ ಎಂಟು ದಿನ ಹಿಡಿಯಿತು. ಮೋಟಾರು ಮೆತ್ತಗೆ ಓಡಿತು. ನರ್ಸಬಾಯಿಯ ಹೆಣಿಗೆ ಸೂಜಿಯಿಂದ ಮೋಟಾರು ನಡೆಯುತ್ತದೆಂದು ಊರಲ್ಲಿ ತಮಾಷೆಯ ಮಾತಾಯಿತು. ಚಾಚಾ ಅದನ್ನು ಕೇಳಿ ಹಿಗ್ಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಕಲ್ಯಾಣಿಗೆ ಕೊಟ್ಟಿದ್ದರು. ಆ ವರ್ಷ ಆಕೆ ಚೊಚ್ಚಲ ಬಸುರಿ. ನಾನು ಕಲ್ಯಾಣಿಗೆ ಹೊರಟ ದಿನವೆಲ್ಲ ಚಾಚಾ ಒಂದು ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಕೂಡುವರು. ಗಂಟಿನಲ್ಲಿ ಹುಣಸೆಕಾಯಿ, ಹುರಿದ ಶೇಂಗಾ, ಎಲ್ಲಿಂದಲೋ ಹುಡುಕಿ ತಂದ ಹುಳಿ ಬಾರೆಹಣ್ಣು. ಆ ಮುಂಜಾನೆಗಳು ಈಗ ನೆನಪಾದರೆ ಎಚ್ಚರದಲ್ಲಿ ನಡೆದವೋ ನಿದ್ದೆಯಲ್ಲಿ ಕಂಡವೋ ತಿಳಿಯುವುದಿಲ್ಲ. ಎರಡೂ ಬದಿ ತೊಗರಿ ಹೂಬಿಟ್ಟು ಹಳದಿಯಾಗಿರುತ್ತಿತ್ತು. ಮಂಜು ನೆಲದಿಂದ ಒಂದಾಳು ಎತ್ತರ ನಿಂತು, ಅದರ ಮೇಲೆ ಎತ್ತಿನ ಕೋಡು ಮಾತ್ರ ತೇಲುತ್ತ ಹೋಗುವುದು. ಹಿಂದಿನಿಂದ ಚಾಚಾ ತಮ್ಮಷ್ಟಕ್ಕೆ ತಾವೇ ಏನೋ ಗುನುಗುವರು. ದೂರದಲ್ಲಿ ಕಲ್ಯಾಣಿಯ ಕೋಟೆ ಒಮ್ಮೆ ಕಂಡು ಒಮ್ಮೆ ಮರೆಯಾಗುವುದು. ಈ ದಾರಿ ಮುಗಿಯದಿದ್ದರೆ ಎಷ್ಟು ಚಂದ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

“ಆಕಿ ಅವ್ವ ಇಲ್ಲ. ನೀವೇ ನೋಡಬೇಕ್ರಿ” ಎಂದು ಮಾತ್ರ ಅವರು ಮತ್ತೆ ಮತ್ತೆ ಹೇಳುತ್ತಿದ್ದರು.

“ನಾ ಇದ್ದೀನಿ ಚಾಚಾ” ಎಂದು ನಾನೂ ಮತ್ತೆ ಮತ್ತೆ ಹೇಳುತ್ತಿದ್ದೆ. ಮಗಳಿಗೂ ಹಾಗೆಯೇ ಹೇಳಿದ್ದೆ. ಆಕೆ ನನ್ನ ಮಾತು ನಂಬಿ, ಊರ ಸೂಲಗಿತ್ತಿ ಬೇಡ, ಬಾಯಿಯೇ ಬರಬೇಕು ಎಂದು ಅತ್ತೆಯ ಕೂಡ ಜಗಳವಾಡಿ ಕೂತಿದ್ದಳು.

ಆಕೆಗೆ ಎಂಟು ತುಂಬಿ ಒಂಬತ್ತು ನಡೆದಾಗ ಚಾಚಾರಿಗೆ ಮನ್ನಾಏಖೇಳ್ಳಿಯಿಂದ ಕರೆ ಬಂತು. ಅಲ್ಲಿಯ ಹಿಟ್ಟಿನ ಗಿರಣಿಯ ಎಂಜಿನು ಕೆಟ್ಟು ಜನ ಜೋಳ ಬೀಸಲಾರದೆ ಕೂತಿದ್ದರು. ಹೊರಡುವ ದಿನ ಲಟ್ಟಣಿಗೆ ಕಚ್ಚಿ ನಮ್ಮ ಮೋಟಾರನ್ನು ಬಹಳ ಹೊತ್ತು ಕೇಳಿದರು.

“ಒಂದೆರಡು ಕೊಂಡಿ ಮತ್ತ ಮಾತಾಡಾಕತ್ತಾವ. ಹೆದರಬ್ಯಾಡ್ರಿ, ಸದ್ದು ಬಂದ್ರ ಬರಲಿ. ಸದ್ದು ನಿಂತ್ರ ಮಾತ್ರ ನನಗ ಹೇಳಿಕಳಸ್ರಿ.”

ನಾನು ನಕ್ಕೆ. “ಸದ್ದು ನಿಂತ್ರ ಚಲೋ ಅಲ್ಲೇನ್ರಿ ಚಾಚಾ?”

“ಅಳೋ ಕೂಸು ಅಳೂದು ನಿಲ್ಲಸಿದ್ರ ನೀವು ಎದ್ದು ನೋಡಂಗಿಲ್ಲೇನು?” ಎಂದು ಗಂಟು ಹೆಗಲಿಗೆ ಹಾಕಿಕೊಂಡು ಹೋದರು.

ಅವರು ಹೋದ ಎಂಟನೆಯ ದಿನಕ್ಕೆ ಸದ್ದು ಜೋರಾಯಿತು. ಡಾಕ್ಟರ್ ಸಾಹೇಬರು ವರಾಂಡದಲ್ಲಿ ನಿಂತು ಕೇಳಿ, “ನರ್ಸಬಾಯಿ, ಮಿಸ್ತ್ರಿ ಬರೋ ತನಕ ಮೋಟಾರು ಹೊರಗ ತೆಗೀಬ್ಯಾಡ್ರಿ. ನಡು ಅಡವ್ಯಾಗ ನಿಂತ್ರ ಏನು ಮಾಡ್ತೀರಿ?” ಎಂದರು. ಸರಿಯಾದ ಮಾತು. ಆದರೆ ನನ್ನ ತಲೆಯಲ್ಲಿ ಕೂತದ್ದು ಒಂದೇ: ಚಾಚಾರ ಮಗಳಿಗೆ ದಿನ ತುಂಬುತ್ತ ಬಂದಿದೆ, ಮೋಟಾರು ಇಲ್ಲದಿದ್ದರೆ ನಾನು ಹೋಗುವುದು ಹೇಗೆ? ಮನ್ನಾಏಖೇಳ್ಳಿಗೆ ಒಂದು ಚೀಟಿ ಕಳಿಸಿದ್ದರೆ ಚಾಚಾ ಮರುದಿನ ಬರುತ್ತಿದ್ದರು. ಕಳಿಸಲಿಲ್ಲ. ಸ್ವಲ್ಪ ಜಂಭವೂ ಇತ್ತು ನನಗೆ. ಮೋಟಾರು ಹೊಡೆಯುವ ಹೆಣ್ಣುಮಗಳು, ಇಷ್ಟು ಮಾಡಲಾರೆನೇ ಎಂಬ ಜಂಭ.

ನಮ್ಮ ಕಡೆ ಬಂಡಿಯ ಅಚ್ಚು ಕಿರುಗುಟ್ಟಿದರೆ ಔಡಲೆಣ್ಣೆ ಬಿಡುತ್ತಾರೆ, ಸದ್ದು ಅಡಗುತ್ತದೆ. ನಮ್ಮ ದವಾಖಾನೆಯಲ್ಲೋ ಔಡಲೆಣ್ಣೆಯದೇ ರಾಜ್ಯ. ಹೊಟ್ಟೆನೋವಿಗೆ ಅದು, ಮಲಬದ್ಧತೆಗೆ ಅದು, ಕೂಸು ಹಟ ಮಾಡಿದರೂ ಅದೇ. ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಬಾಟಲಿಗಳಲ್ಲಿ ಎರಡನ್ನು ಎತ್ತಿಕೊಂಡು ಹೋಗಿ ಎಂಜಿನಿಗೆ ಸುರಿದೆ. ಹ್ಯಾಂಡಲ್ ತಿರುವಿ, ಒಂದು ಸುತ್ತು ಹೊಡೆದು ಬಂದೆ. ಏನು ಹೇಳಲಿ! ಕಡಲೆ ಹುರಿಯುವುದು ನಿಂತೇಹೋಗಿತ್ತು. ಎಂಜಿನು ರೇಷ್ಮೆಯಂತೆ ಸರಿಯುತ್ತಿತ್ತು. ಸಾಹೇಬರು ಕೇಳಿ ತಲೆದೂಗಿ, “ಹೋಗ್ರಿ ಹಾಂಗಾದ್ರ” ಎಂದರು. ಆ ವಾರವೆಲ್ಲ ನಾನು ಸದ್ದಿಲ್ಲದ ಮೋಟಾರಿನಲ್ಲಿ ಹಳ್ಳಿ ಹಳ್ಳಿ ತಿರುಗಿದೆ. ಗಾಳಿಯ ಸದ್ದು, ಹಕ್ಕಿಯ ಸದ್ದು ಎಲ್ಲ ಕೇಳುತ್ತಿತ್ತು. ತೇಲಿಕೊಂಡು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಅಷ್ಟು ಸುಖವಾಗಿ ನಾನು ಎಂದೂ ಮೋಟಾರು ಹೊಡೆದಿರಲಿಲ್ಲ.

ಒಂದು ದಿನ, ದಿನಕ್ಕೊಂದೇ ಬರುವ ಬೆಳಗಿನ ಸರ್ವೀಸ್ ಬಸ್ಸಿನಲ್ಲಿ ಚಾಚಾರ ಅಳಿಯ ಬಂದಿಳಿದ. “ಬ್ಯಾನಿ ಶುರು ಆಗ್ಯಾವ್ರಿ ಬಾಯಿ, ಜಲ್ದಿ ಬರ್ರಿ.” ಚೀಲ ತಯಾರಿತ್ತು, ಹೊರಟೆವು. ಚೊಚ್ಚಲ ಹೆರಿಗೆ, ಸಾವಕಾಶವಾಗುತ್ತದೆ, ಹೆದರಬೇಡ ಎಂದು ಅವನಿಗೆ ಧೈರ್ಯ ಹೇಳುತ್ತ ಹೊಡೆದೆ. ಮೋರಖಂಡಿಯ ಕಡೆಗೆ ಹೊರಳುವ ದಾರಿ ಬಂತು. ಅಲ್ಲಿ ಎಂಜಿನೊಳಗೆ ಟಪ್ ಎಂದು ಒಂದೇ ಒಂದು ಸದ್ದಾಯಿತು. ಮೋಟಾರು ಇನ್ನೊಂದಿಷ್ಟು ದೂರ ತಾನಾಗಿ ಉರುಳಿ, ನಿಂತಿತು.

ಹ್ಯಾಂಡಲ್ ಹಾಕಿ ತಿರುವಿದೆ. ಬರಿದೆ ತಿರುಗಿತು, ಒಳಗೆ ಉಸಿರೇ ಇಲ್ಲ. ಅಳಿಯ ತಿರುವಿದ. ಬಿಸಿಲೇರಿತ್ತು. ಅವನು ಬಂಡಿ ತರಲು ಮೋರಖಂಡಿಗೆ ಓಡಿದ, ನಾನು ಚೀಲ ಹೊತ್ತು ಕಲ್ಯಾಣಿಯ ದಾರಿ ಹಿಡಿದು ನಡೆದೆ. ಅರ್ಧ ನಡೆದೆ, ಅರ್ಧ ಓಡಿದೆ. ಹೆಜ್ಜೆ ಎಷ್ಟು ಹಾಕಿದರೂ ಕೋಟೆ ಹತ್ತಿರ ಬರುತ್ತಿರಲಿಲ್ಲ. ಬಂಡಿ ಬಂದು ನನ್ನನ್ನು ಹತ್ತಿಸಿಕೊಂಡು, ಎತ್ತುಗಳ ಬಾಯಲ್ಲಿ ನೊರೆ ಬರುವಂತೆ ಓಡಿಸಿ ಮನೆ ಮುಟ್ಟಿಸಿದಾಗ ಹೊತ್ತು ನೆತ್ತಿ ದಾಟಿತ್ತು.

ಕೂಸು ಕಾಲು ಮುಂದಾಗಿ ಬಂದಿತ್ತು. ಮೈ ಹೊರಗೆ, ತಲೆ ಒಳಗೆ. ಮನೆಯ ಹೆಂಗಸರು ಏನು ಮಾಡಬೇಕೋ ತಿಳಿಯದೆ ಅಳುತ್ತ ಕೂತಿದ್ದರು. ನಾನು ತಲೆ ಬಿಡಿಸಿದೆ. ತಾಯಿಯನ್ನು ಉಳಿಸಿದೆ. ಗಂಡುಕೂಸು, ಕಣ್ಣು ತೆರೆಯಲಿಲ್ಲ. ಒಂದು ತಾಸು ಮುಂಚೆ ಬಂದಿದ್ದರೆ ಅದು ಬದುಕುತ್ತಿತ್ತು. ಹಣೆಬರಹ ಎಂದು ಬೇರೆಯವರು ಹೇಳಬಹುದು, ನಾನು ಹೇಳಲಾರೆ, ನನಗೆ ಗೊತ್ತು.

ಮೋಟಾರನ್ನು ಎತ್ತು ಹೂಡಿ ಹುಮನಾಬಾದಿಗೆ ಎಳೆದು ತಂದರು. ಚಾಚಾ ಸುದ್ದಿ ಕೇಳಿ ಮನ್ನಾಏಖೇಳ್ಳಿಯಿಂದ ಮೊದಲು ಕಲ್ಯಾಣಿಗೆ ಹೋಗಿ, ಮೊಮ್ಮಗನಿಗೆ ಮಣ್ಣು ಕೊಟ್ಟು, ಆಮೇಲೆ ಶೆಡ್ಡಿಗೆ ಬಂದರು. ಡಾಕ್ಟರ್ ಸಾಹೇಬರು ಬಂದರು, ಅಳಿಯ ಬಂದ, ಬೀದಿಯ ಜನವೆಲ್ಲ ಬಂತು. ಚಾಚಾ ಮುಂದಿನ ಮುಚ್ಚಳ ತೆಗೆದರು. ಸರಪಳಿ ಹರಿದು ಕೆಳಗೆ ಬಿದ್ದಿತ್ತು. ಅದರ ಮೇಲೆ, ಗಾಲಿಯ ಮೇಲೆ, ಎಣ್ಣೆ ತೊಟ್ಟಿಕ್ಕುವ ಸಣ್ಣ ತೂತಿನ ಬಾಯಿಗೆ, ಎಲ್ಲ ಕಡೆ ಬೆಲ್ಲದ ಪಾಕದಂಥ ಕಂದು ಅಂಟು. ವಾಸನೆ ನನ್ನ ಮೂಗಿಗೆ ಬಡಿಯಿತು. ದಿನಾ ಅಳೆದು ಕೊಡುವ ಔಷಧದ ವಾಸನೆ ನನಗೆ ತಿಳಿಯದೇ? ಔಡಲೆಣ್ಣೆ ಎಂಜಿನ್ ಎಣ್ಣೆಯ ಕೂಡ ಬೆರೆಯದೆ ಕಾದು ಅಂಟಾಗಿ ತೂತು ಮುಚ್ಚಿತ್ತು. ಎಣ್ಣೆ ಸಿಗದೆ ಸರಪಳಿ ಒಣಗಿ ಓಡಿ ಹರಿದಿತ್ತು. ನಾನು ಅದನ್ನು ಹೇಳಬೇಕು ಎಂದು ಬಾಯಿ ತೆರೆದೆ.

ಚಾಚಾ ಸೀಮೆಎಣ್ಣೆಯ ಬಟ್ಟೆಯಿಂದ ಒಳಗೆಲ್ಲ ಒರೆಸಿಬಿಟ್ಟರು. ಹರಿದ ಸರಪಳಿ ಕೈಯಲ್ಲಿ ಹಿಡಿದು ಎದ್ದು ನಿಂತರು.

“ತಪ್ಪು ನಂದ್ರಿ ಸಾಹೇಬ್ರ. ಹೆಣಿಗಿ ಸೂಜಿ ಹಾಕಿ ಪಿನ್ನು ಮಾಡಿದ್ದೆ. ತಡೀಲಿಲ್ಲ.”

ಇವರಿಗೆ ನಿಜವಾಗಿ ಹಾಗೇ ಅನ್ನಿಸಿದೆ ಎಂದು ತಿಳಿದೆ, ಹಾಗೆ ತಿಳಿಯಲು ನನಗೆ ಅನುಕೂಲವೂ ಇತ್ತು. ತೆರೆದ ಬಾಯಿ ಮುಚ್ಚಿಕೊಂಡೆ. ಈ ಬರಹದಲ್ಲಿ ಬೇರೇನು ಸುಳ್ಳಾದರೂ ಆ ಬಾಯಿ ಮುಚ್ಚಿದ್ದು ಸುಳ್ಳಲ್ಲ.

ಮಾತು ಕಲ್ಯಾಣಿಗೆ ಮುಟ್ಟಿತು. ಮೋಟಾರು ಸರಿಯಾದ ಮೇಲೆ ಬಾಣಂತಿಯನ್ನು ನೋಡಲು ಹೋದಾಗ ಚಾಚಾ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರು. ಮಗಳು ನನ್ನನ್ನು ಒಳಗೆ ಕರೆದಳು. ಅಪ್ಪನನ್ನು ಹೊಸಲಲ್ಲೇ ನಿಲ್ಲಿಸಿ, “ನಿಮ್ಮ ಸೂಜಿ ನನ್ನ ಕೂಸಿನ್ನ ತಿಂದವು ಅಬ್ಬಾ” ಎಂದಳು. ಚಾಚಾ ಹಿಡಿದು ಬಂದ ಗಂಟನ್ನು ಹೊಸಲ ಮೇಲಿಟ್ಟು, ಮೋಟಾರಿನಲ್ಲಿ ಹೋಗಿ ಕೂತರು. ನಾನು ಆಕೆಯ ನಾಡಿ ಹಿಡಿದು ಕೂತಿದ್ದೆ. ಆಗಲೂ ಹೇಳಲಿಲ್ಲ.

ಹೈದರಾಬಾದಿನ ಗುಜರಿಯಿಂದ ಬೇರೊಂದು ಸರಪಳಿ ಹುಡುಕಿ ತಂದು ಚಾಚಾ ಮೋಟಾರು ಸರಿಮಾಡಿದ್ದರು. “ಇನ್ನ ಮ್ಯಾಲ ಎಣ್ಣಿ ನಾನೇ ಹಾಕತೀನಿ ಬಾಯಿ, ನೀವು ಕೈ ಹಚ್ಚಬ್ಯಾಡ್ರಿ” ಎಂದು ಅವರು ಹೇಳಿದಾಗಲೂ ನನಗೆ ಹೊಳೆಯಲಿಲ್ಲ. ನಮ್ಮದೊಂದು ಬಿಟ್ಟರೆ ಬೇರೆ ಮೋಟಾರುಗಳು ಅವರ ಶೆಡ್ಡಿಗೆ ಬರುವುದು ನಿಂತಿತು. ಮೊದಲು ತಮಾಷೆಯಾಗಿದ್ದ ಸೂಜಿಯ ಮಾತು ಈಗ ಹೀಯಾಳಿಕೆಯಾಯಿತು. ಅವರು ಹೊಲಿಗೆ ಮಶೀನು, ಲಾಟೀನು, ಬೀಗ ರಿಪೇರಿ ಮಾಡುತ್ತ ಕೂತರು. ನನ್ನನ್ನೋ ಹಳ್ಳಿ ಹಳ್ಳಿಯಿಂದ ಕರೆಯುತ್ತಿದ್ದರು. ಮೋಟಾರು ಕೈಕೊಟ್ಟರೂ ಓಡಿಹೋಗಿ ತಾಯಿಯನ್ನು ಉಳಿಸಿದ ಬಾಯಿ ಎಂದು ಹೆಸರಾಗಿತ್ತು ನನಗೆ. ಆ ಹೆಸರು ಕೇಳಿದಾಗೆಲ್ಲ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು.

ಎರಡು ವರ್ಷಕ್ಕೆ ಮಗಳು ಮತ್ತೆ ಬಸುರಾದಳು. ನನ್ನನ್ನೇ ಕರೆಸಿದಳು. ಹೆಣ್ಣುಕೂಸು, ಕಲ್ಯಾಣಿಯ ಓಣಿಯೆಲ್ಲ ಕೇಳುವಂತೆ ಅತ್ತಿತು. ಹೊರಗೆ ನಿಂತಿದ್ದ ಚಾಚಾರಿಗೆ ನಾನೇ ತಂದು ತೋರಿಸಿದೆ. ಮಗಳು ಬೇಡವೆನ್ನಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

ಆಮೇಲಿನ ಮಳೆಗಾಲದಲ್ಲಿ ಚಾಚಾ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಶೆಡ್ಡಿನ ತಗಡಿನ ಮೇಲೆ ಸಣ್ಣ ಮಳೆ, ಒಳಗೆ ಸೀಮೆಎಣ್ಣೆಯ ವಾಸನೆ, ಅವರು ಅರೆನಿದ್ದೆಯಲ್ಲಿದ್ದರು. ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ.

“ಚಾಚಾ, ಅವತ್ತ ಎಂಜಿನಿಗಿ ಔಡಲೆಣ್ಣಿ ಹಾಕಿದ್ದೆ ನಾನು. ನಿಮ್ಮ ಸೂಜಿ ಅಲ್ರಿ. ನಾನು.”

ಅವರು ಕಣ್ಣು ತೆರೆಯದೆ, “ಮುಚ್ಚಳ ತೆಗದಾಗೇ ಗೊತ್ತಾಗಿತ್ರಿ ಬಾಯಿ. ಕಿವಿ ಹೋಗ್ಯದ, ಮೂಗು ಹೋಗಿಲ್ಲ” ಎಂದರು.

ನನಗೆ ಸಿಟ್ಟು ಬಂತು. ನಿಜವಾಗಿ ಸಿಟ್ಟು ಬಂತು. “ಮತ್ಯಾಕ ಸುಳ್ಳು ಹೇಳಿದ್ರಿ? ಯಾರು ಕೇಳಿದ್ರು ನಿಮ್ಮನ್ನ? ಮಗಳ ಬಾಯಿಂದ ಅಂಥಾ ಮಾತು ಅನಸ್ಕೊಂಡ್ರಲ್ಲ!”

ಅವರು ಉಸಿರು ಎಳೆದುಕೊಂಡು, ತಡೆತಡೆದು ಹೇಳಿದರು. “ಮಿಸ್ತ್ರಿ ಮ್ಯಾಲಿನ ಭರೋಸಾ ಹೋದ್ರ ಏನಾಗ್ತದ್ರಿ? ಮೋಟಾರು ಇನ್ನೊಬ್ಬ ಮಿಸ್ತ್ರಿ ಕಡಿ ಹೋಗ್ತದ. ನಿಮ್ಮ ಮ್ಯಾಲಿನ ಭರೋಸಾ ಹೋದ್ರ ನಮ್ಮ ಹೆಣಮಕ್ಕಳು ಎಲ್ಲಿಗಿ ಹೋಗಬೇಕು? ಎರಡನೇ ಸಲ ನನ್ನ ಮಗಳು ನಿಮ್ಮನ್ನ ಕರೀತಿದ್ದಳೇನು?”

ಮಗಳಿಗಾದರೂ ಹೇಳುತ್ತೇನೆ ಎಂದು ನಾನು ಹಟ ಹಿಡಿದೆ. “ನಾ ಇರೋ ತನಕ ಬ್ಯಾಡ್ರಿ. ಆಮ್ಯಾಲ ನಿಮ್ಮ ಮನಸ್ಸು” ಎಂದು ನನ್ನ ಕೈಮೇಲೆ ಕೈಯಿಟ್ಟರು. ಮತ್ತೆ ನಿದ್ದೆಗೆ ಸರಿದರು. ಆ ವಾರದೊಳಗೇ ತೀರಿಕೊಂಡರು.

ಮಣ್ಣಾದ ದಿನ ಹೆಂಗಸರು ಕೂತಿದ್ದ ಕೋಣೆಯಲ್ಲಿ ನಾನೂ ಕೂತಿದ್ದೆ. ಚಾಚಾರ ಮೊಮ್ಮಗಳು ನನ್ನ ತೊಡೆಯ ಮೇಲಿದ್ದಳು. ಮಗಳು ಅತ್ತು ಅತ್ತು ದನಿ ಹೋಗಿ, “ಅಬ್ಬಾನ್ನ ಎಂದೋ ಮಾಫ್ ಮಾಡಿದ್ದೆ ಬಾಯಿ. ಬಾಯಿಬಿಟ್ಟು ಹೇಳಲಿಲ್ಲ ನೋಡ್ರಿ” ಎಂದಳು. ಉಳಿದವರೆಲ್ಲ ಏಳುವ ತನಕ ಕಾದು, ನಾನು ಆಕೆಗೆ ಎಲ್ಲ ಹೇಳಿದೆ. ಬಾಟಲಿ ಎರಡು ಎಂದು ಕೂಡ ಹೇಳಿದೆ. ಆಕೆ ಎದ್ದು, ನನ್ನ ತೊಡೆಯ ಮೇಲಿಂದ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಎದ್ದು ಬಂದೆ.

ಎರಡು ವರ್ಷ ಆ ಮನೆಯಿಂದ ಸುದ್ದಿಯಿಲ್ಲ. ಕಲ್ಯಾಣಿಗೆ ಹೋದಾಗ ಆ ಓಣಿ ತಪ್ಪಿಸಿ ಹೋಗುತ್ತಿದ್ದೆ. ಒಂದು ಮುಂಜಾನೆ ಅಳಿಯ ದವಾಖಾನೆಯ ಮುಂದೆ ಬಂದು ನಿಂತ. ಆಕೆಗೆ ಮತ್ತೆ ಬ್ಯಾನಿ ಶುರುವಾಗಿದೆ ಎಂದ.

“ಯಾರು ಕಳಿಸ್ಯಾರ ನಿನ್ನ? ನಿಮ್ಮವ್ವನೇನು?” ಎಂದು ಕೇಳಿದೆ.

“ಇಲ್ರಿ, ಆಕೀನೇ. ಬಾಯಿನ್ನ ಬಿಟ್ಟು ಯಾರನ್ನೂ ಕರೀಬ್ಯಾಡ ಅಂದಾಳ.”

ಹೋದೆ. ಆಕೆ ನನ್ನ ಮುಖ ನೋಡಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಕೈ ತೊಳೆದು, ನೀರು ಕಾಯಿಸಲು ಹೇಳಿ, ಕಾಲ ಬಳಿ ಕೂತೆ. ದೊಡ್ಡ ಬ್ಯಾನಿ ಬಂದಾಗ ಆಕೆ ಹಿಂದೆ ನೋಡದೆಯೇ ಕೈ ಚಾಚಿದಳು. ಹಿಡಿದೆ. ಉಗುರು ಊರುವಂತೆ ಹಿಡಿದುಕೊಂಡಳು.

“ಇದ್ದೀರಿಲ್ರೀ ಬಾಯಿ?” ಎಂದಳು.

“ಇದ್ದೀನವ್ವಾ, ಇಲ್ಲೇ ಇದ್ದೀನಿ” ಎಂದೆ.